ಮೂರು ಕಾಲಿನ ಬಾರ್ಬೆಕ್ಯೂ

ತಂಗಿ ಕ್ಯಾಲ್ಗರಿಗೆ ಹೋಗಿ ಮೂರು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಫೋಟೊ ಕಳಿಸಿದಳು. ಯಾರದೋ ಹಿತ್ತಲು, ಹಸಿರು ಹುಲ್ಲು, ಸಿಲಿಂಡರ್ ಜೋಡಿಸಿದ ದೊಡ್ಡ ಒಲೆ, ಅದರ ಮುಂದೆ ಚಡ್ಡಿ ಹಾಕಿಕೊಂಡು ಚಿಮಟ ಹಿಡಿದು ನಿಂತ ಒಬ್ಬ ಅಜ್ಜ. ಬೇರೆ ಬೇರೆ ದೇಶಗಳಿಂದ ಆ ಓಣಿಗೆ ಹೊಸದಾಗಿ ಬಂದವರನ್ನೆಲ್ಲ ಕರೆದು ಬಾರ್ಬೆಕ್ಯೂ ಮಾಡಿದ್ದರಂತೆ.

"ಅಣ್ಣಾ, ಎಲ್ಲಾ ಮಾಂಸನ. ನನಗ ಒಂದು ಗೊಂಜಾಳ ತೆನಿ ಸುಟ್ಟು ಕೊಟ್ರು. ಖಾರಿಲ್ಲ, ಲಿಂಬಿಹಣ್ಣಿಲ್ಲ, ಬರೇ ಬೆಣ್ಣಿ. ಆದ್ರೂ ಕಣ್ಣಾಗ ನೀರ ಬಂತು ನೋಡು" ಅಂದಳು. ಗ್ಯಾಸಿನ ಒಲೆಗೆ ಅಂಥಾ ಹೊಗೆ ಇರುವುದಿಲ್ಲ. ಪ್ರೀತಿಗೇ ಬಂದಿರಬೇಕು.

ವಿಜಯಪುರದ ಸೊಲ್ಲಾಪುರ ರಸ್ತೆ ಕಡೆಯ ನಮ್ಮ ಓಣಿಗೂ ಆ ವರ್ಷ ಮೂರು ಹೊಸ ಮನೆಯವರು ಬಂದಿದ್ದರು. ಬ್ಯಾಂಕಿಗೆ ವರ್ಗವಾಗಿ ಬಂದ ಬಿಹಾರದ ಸಾಹೇಬರು ಮತ್ತು ಅವರ ಹೆಂಡತಿ. ಕೇರಳದ ನರ್ಸಮ್ಮ ಮತ್ತು ಆಕೆಯ ಗಂಡ. ಮಂಗಳೂರು ಕಡೆಯ ಒಬ್ಬ ಇಂಜಿನಿಯರ್ ಸಂಸಾರ. ಮೊದಲಿನ ಎರಡು ಮನೆಯವರ ಜೊತೆ ಮುರುಕು ಹಿಂದಿಯಲ್ಲಿ ಹೇಗೋ ಸಾಗುತ್ತಿತ್ತು. ತೊಂದರೆಯೆಲ್ಲ ಕನ್ನಡ ಮಾತಾಡುವ ಮಂಗಳೂರಿನವರ ಜೊತೆಗೇ. ಅವರು "ಉಂಟು" ಅಂದರೆ ನಾನು ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ, ಇವರಿಗೆಲ್ಲ ನಾವೂ ಒಂದು ಬಾರ್ಬೆಕ್ಯೂ ಮಾಡಬೇಕು ಅಂತ ನನ್ನ ತಲೆಯಲ್ಲಿ ಹೊಕ್ಕಿತು. ಮಗ ಅಂದೇ ಆನ್‌ಲೈನ್‌ನಲ್ಲಿ ಮೂರು ಕಾಲಿನ ಒಲೆಯೊಂದನ್ನು ತರಿಸಿಬಿಟ್ಟ. ಹೆಂಡತಿ ಮಾತ್ರ ಪೆಟ್ಟಿಗೆ ನೋಡಿ, "ಹೊಲದಾಗ ಸೀತನಿ ಹದಕ್ಕ ಬರೂ ದಿನ ಬಂದಾವ. ಕಾಕಾರ ಹೊಲಕ್ಕ ಕರಕೊಂಡ ಹೋಗೂದ ಬಿಟ್ಟು ಈ ಡಬ್ಬಿ ಯಾಕ್ರಿ?" ಅಂದಳು. ಸೀತನಿ ಅಂದರೆ ಕೆಂಡದಲ್ಲಿ ಸುಟ್ಟು ತಿಕ್ಕಿ ತಿನ್ನುವ ಎಳೆ ಜೋಳ. ಆಕೆಯ ಮಾತು, ಮಗನ ಡಬ್ಬಿ, ಎರಡೂ ಉಳಿಯಲಿ ಅಂತ ಕಾಕಾನ ಹೊಲದಲ್ಲೇ ಬಾರ್ಬೆಕ್ಯೂ ಅಂತ ತೀರ್ಮಾನವಾಯಿತು.

ವಾಟ್ಸಾಪಿನಲ್ಲಿ ಆಮಂತ್ರಣ ಹಾಕಿದೆ: ಸೀತನಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಬೆಲ್ಲ. ರಾತ್ರಿ ಒಂಬತ್ತಕ್ಕೆ ಮಂಗಳೂರಿನವರು ಬಾಗಿಲಲ್ಲಿ ನಿಂತಿದ್ದರು. ಬಹಳ ಹೊತ್ತು ಅದೂ ಇದೂ ಮಾತಾಡಿ ಕಡೆಗೆ, "ಸರ್, ತಪ್ಪು ತಿಳ್ಕೊಳ್ಬೇಡಿ. ನಮ್ಮ ಕಡೆ ಹಿಂಡಿ ಅಂದ್ರೆ ದನಕ್ಕೆ ಹಾಕುವುದು ಮಾರಾಯ್ರೆ" ಅಂದರು. ಗಾಣದಲ್ಲಿ ಎಣ್ಣೆ ತೆಗೆದು ಉಳಿದದ್ದು ಅವರ ಹಿಂಡಿ. ಶೇಂಗಾ, ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿದ್ದು ನಮ್ಮ ಹಿಂಡಿ. ಇಷ್ಟು ವಿವರಿಸಿದರೂ ಅವರ ಮುಖದಿಂದ ದನ ಹೋಗಲಿಲ್ಲ.

ಭಾನುವಾರ ಸಾರವಾಡದ ಕಡೆಗಿರುವ ಹೊಲಕ್ಕೆ ಎರಡು ಕಾರು ಹೋದವು. ಡೋಣಿ ಹೊಳೆಯ ಸೀಮೆಯಲ್ಲಿ "ಡೋಣಿ ಬೆಳೆದರೆ ಓಣಿ ತುಂಬ ಜೋಳ" ಅನ್ನುವ ಗಾದೆ, ಎರಿ ಅಂದರೆ ಕಪ್ಪು ಮಣ್ಣಿನ ಭೂಮಿಯ ಗುಣ, ಹಿಂಗಾರಿ ಜೋಳದ ಹಿರಿಮೆ ಎಲ್ಲವನ್ನೂ ದಾರಿಯುದ್ದಕ್ಕೂ ನಾನು ಹಿಂದಿಯಲ್ಲಿ ಹೇಳಿದೆ. ಬ್ಯಾಂಕಿನ ಸಾಹೇಬರು "ಅಚ್ಛಾ, ಅಚ್ಛಾ" ಅನ್ನುತ್ತ ನಿದ್ದೆ ಹೋದರು.

ಹೊಲ ಮುಟ್ಟಿದ ಮೇಲೆ ಒಲೆಯ ಕಾಲು ಜೋಡಿಸಲು ಅರ್ಧ ತಾಸು ಹಿಡಿಯಿತು. ಇಸ್ತ್ರಿ ಅಂಗಡಿಯಿಂದ ತಂದ ಇದ್ದಲಿಗೆ ತೇವ ಹಿಡಿದಿತ್ತೋ, ನಮ್ಮ ಮೇಲೆ ಸಿಟ್ಟಿತ್ತೋ, ಹತ್ತಲೇ ಇಲ್ಲ. ಮಗ ತಾಟಿನಿಂದ ಗಾಳಿ ಹಾಕಿದ. ಕಿಡಿ ಏಳಲಿಲ್ಲ, ಬೂದಿ ಎದ್ದಿತು. ಎದ್ದದ್ದು ನೇರವಾಗಿ ಹೋಗಿ ನರ್ಸಮ್ಮನ ಗಂಡನ ಬಿಳಿ ಪಂಚೆಯ ಮೇಲೆ ಕುಳಿತಿತು. ಅವರು ನಕ್ಕರು. ಅಂಥಾ ನಗು ಮದುವೆ ಮನೆಯಲ್ಲಿ ಮೈಮೇಲೆ ಸಾರು ಚೆಲ್ಲಿದಾಗ ನಾನೂ ನಕ್ಕಿದ್ದೇನೆ.

ಅಂತೂ ಕೆಂಡವಾಯಿತು. ಪನೀರು, ಡೊಣ್ಣ ಮೆಣಸಿನಕಾಯಿ ಚುಚ್ಚಿದ ಕಡ್ಡಿಗಳನ್ನು ಸಾಲಾಗಿ ಇಟ್ಟೆವು. ದಾರಿಯುದ್ದಕ್ಕೂ ಎರಿ ಭೂಮಿಯ ಗುಣ ಹೇಳಿದವನು ಅದರ ಒಂದು ಗುಣ ಮರೆತಿದ್ದೆ: ಆರಿದರೆ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಲೆಯ ಮೂರನೇ ಕಾಲು ಸದ್ದಿಲ್ಲದೆ ಒಂದು ಬಿರುಕಿಗೆ ಇಳಿಯಿತು. ಒಲೆ ನಮಸ್ಕಾರ ಮಾಡುವ ಹಾಗೆ ಮುಂದಕ್ಕೆ ಬಾಗಿ ಪನೀರನ್ನೆಲ್ಲ ಮಣ್ಣಿಗೆ ಒಪ್ಪಿಸಿತು. ಕಾಕಾನ ನಾಯಿ ಹುಟ್ಟಿದಾಗಿನಿಂದ ಪನೀರು ಕಂಡಿರಲಿಲ್ಲ. ಆದರೂ ಪರಿಚಯಕ್ಕೆ ಹೊತ್ತು ಹಿಡಿಯಲಿಲ್ಲ.

ಕಾಕಾ ಇಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಗುದ್ದಲಿ ತಗೊಂಡು ಬೇವಿನ ಗಿಡದ ಹತ್ತಿರ ಒಂದು ತೆಗ್ಗು ತೋಡುತ್ತಿದ್ದ. ಮರ್ಯಾದೆ ಉಳಿಸಿಕೊಳ್ಳಲು ನಾನು ಕುಡಗೋಲು ಹಿಡಿದು, "ಬರ್ರಿ, ತೆನಿ ಹೆಂಗ ಕೊಯ್ತಾರ ತೋರಿಸ್ತೀನಿ" ಅಂತ ಎಲ್ಲರನ್ನೂ ಜೋಳದೊಳಗೆ ಕರೆದುಕೊಂಡು ಹೋದೆ. ಕಾಳು ಹಾಲು ಕಳೆದುಕೊಂಡಿರಬೇಕು, ಬಿರುಸಾಗಿರಬಾರದು, ಉಗುರಿನಿಂದ ಒತ್ತಿದರೆ ಮೆತ್ತಗೆ ಒಡೆಯಬೇಕು. ಒಂದು ತೆನೆಗೆ ಆ ಹದ ಬಹಳ ದಿನ ನಿಲ್ಲುವುದಿಲ್ಲ. ಇದನ್ನೆಲ್ಲ ಹೇಳುತ್ತ ಹೇಳುತ್ತ ಒಂದು ಬುಟ್ಟಿ ತೆನೆ ಕೊಯ್ದೆ. ತೆನೆಯ ಸುಂಕು ಅಂಗಿಯೊಳಗೆ ಇಳಿದು ಮೈಯೆಲ್ಲ ತುರಿಸುತ್ತಿದ್ದರೂ ಪಾಠ ನಿಲ್ಲಿಸಲಿಲ್ಲ.

ಹಿಂದಿನಿಂದ ಯಾರೋ ಕೆಮ್ಮಿದರು. ತಲೆಗೆ ಟವೆಲ್ ಸುತ್ತಿದ ಹಿರಿಯರೊಬ್ಬರು ನಿಂತಿದ್ದರು. ಬಿಹಾರದವರನ್ನು ನೋಡಿದರು, ಕೇರಳದವರನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು:

"ಸಾಹೇಬ್ರ ಯಾವ ಊರವ್ರಿ?"

ಬದು ದಾಟಿ ಅವರ ಹೊಲದಲ್ಲಿ ನಿಂತಿದ್ದೆ. ಅದೂ ಮಾಲದಂಡಿ ಜೋಳ, ರೊಟ್ಟಿಗೆ ರಾಜ, ಆದರೆ ಸುಟ್ಟು ತಿಕ್ಕಿದರೆ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಕಾಕಾ ಸೀತನಿಗೆಂದೇ ನಾಲ್ಕು ಸಾಲು ಸಕ್ಕರಿ ಮುಕ್ಕರಿ ಜೋಳ ಬಿತ್ತಿದ್ದ, ನಾನು ಅದರ ಪಕ್ಕದಿಂದಲೇ ನಡೆದು ಬಂದಿದ್ದೆ. ಕಾಕಾನ ಹೆಸರು ಹೇಳಿದೆ. "ಹಂಗಾರ ನೀವು ಅವರ ಪಾಹುಣ್ಯಾರೇನ್ರಿ?" ಅಂದರು. ನೆಂಟನಲ್ಲ, ಅಣ್ಣನ ಮಗ ಅನ್ನಲು ಬಾಯಿ ಬರಲಿಲ್ಲ. ಅವರನ್ನೂ ಊಟಕ್ಕೆ ಕರೆದುಕೊಂಡು ಬಂದೆ.

ವಾಪಸು ಬಂದರೆ ತೆಗ್ಗಿನ ಮುಂದೆ ಬೇರೆಯದೇ ನಡೆದಿತ್ತು. ಕಾಕಾನ ಹೆಂಡತಿ ಕಾಕು ಕುಳ್ಳು ತಂದು ಸುರುವಿದ್ದಳು. ಹೊರಗಿನವರು ಸಗಣಿಯ ಬೆಂಕಿ ಅಂದರೆ ಮೂಗು ಮುರಿಯುತ್ತಾರೆ ಅಂತಲೇ ನಾನು ಆ ಡಬ್ಬಿ ಒಲೆಯ ಪರವಾಗಿ ಇದ್ದವನು. ಬಿಹಾರದ ಭಾಭಿ ಮಾತ್ರ ಕುಳ್ಳು ಕಂಡದ್ದೇ "ಅರೆ, ಗೋಯಿಠಾ!" ಅಂತ ಕೂಗಿ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಗ್ಗಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಿದ್ದರು. ಸತ್ತು, ಅಂದರೆ ಹುರಿದ ಕಡಲೆಯ ಹಿಟ್ಟು, ತುಂಬಿದ ಲಿಟ್ಟಿ ಉಂಡೆಯನ್ನು ಅವರ ಊರಲ್ಲಿ ಇದೇ ಬೆಂಕಿಯಲ್ಲಿ ಸುಡುತ್ತಾರಂತೆ. ಕುಳ್ಳನ್ನು ಮುರಿದು, ಗಾಳಿ ಆಡುವಂತೆ ಓರೆಯಾಗಿ ಒಂದರ ಮೇಲೊಂದು ಒರಗಿಸಿ, ಹೊಗೆ ಸತ್ತು ಮೇಲೆ ಬಿಳಿ ಬೂದಿ ಒಳಗೆ ಕೆಂಪು ಕೆಂಡ ಆಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಮಳೆಗಾಲದಲ್ಲಿ ಕುಳ್ಳು ಒಣಗುವುದಿಲ್ಲ ಅಂತ ಕಾಕು ಕನ್ನಡದಲ್ಲಿ ಹೇಳಿದಳು, ಭಾಭಿ ಭೋಜಪುರಿಯಲ್ಲಿ ಒಪ್ಪಿದರು. ನಾನು ಅನುವಾದಕ್ಕೆ ಮುಂದಾದೆ. ಇಬ್ಬರೂ ನನಗೆ ಸರಿ ಅಂದರು. ಸರಿ ಅಂದರೆ ಪಕ್ಕಕ್ಕೆ ಸರಿ ಅಂತ.

ಕಾಕಾ ಕೊಯ್ದು ತಂದ ತೆನೆಗಳನ್ನು ಕೆಂಡದಲ್ಲಿ ಹುದುಗಿಸಿದರು. ಅದರ ಬದಿಗೆ ಭಾಭಿ ಹೊಲದ ಬದನೆಕಾಯಿ ನಾಲ್ಕು ತುರುಕಿದರು, ಚೋಖಾ ಅನ್ನುವ ಅವರ ಗೊಜ್ಜಿಗೆ. ಬಿಸಿ ತೆನೆಯನ್ನು ತಟ್ಟಿನ ಚೀಲದ ಮೇಲೆ ಹಾಕಿ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಹಸಿರು ಕಾಳು ಉಳಿಯಿತು. ನರ್ಸಮ್ಮನ ಗಂಡ ಸುಟ್ಟ ಅಂಗೈಗೆ ಊದಿಕೊಳ್ಳುತ್ತ ತಿಕ್ಕಿದ್ದೇ ತಿಕ್ಕಿದ್ದು. ಬಿಳಿ ಪಂಚೆ ಅಷ್ಟು ಹೊತ್ತಿಗೆ ನಮ್ಮ ಮಣ್ಣಿನ ಬಣ್ಣಕ್ಕೆ ಬಂದಿತ್ತು. ನಾನು ಕೊಯ್ದ ಮಾಲದಂಡಿಯನ್ನು ಕಾಕಾ ಎತ್ತುಗಳ ಮುಂದೆ ಹಾಕಿದ. ಅವು ತಿಂದವು, ಅಷ್ಟೇ ಸಮಾಧಾನ.

ಸಂಜೆ ಹೊರಡುವಾಗ ಕಾಕಾ ಮೊದಲ ಸಲ ಬಾಯಿ ಬಿಟ್ಟ. ಬ್ಯಾಂಕಿನ ಸಾಹೇಬರ ಕೈ ಹಿಡಿದು, "ಮುಂದಿನ ವರ್ಷಾನೂ ಬರ್ರಿ. ಬರೂವಾಗ ಇವನ್ನೂ ಕರಕೊಂಡ ಬರ್ರಿ" ಅಂತ ನನ್ನನ್ನು ತೋರಿಸಿದ. ಸಾಹೇಬರಿಗೆ ಒಂದಕ್ಷರ ತಿಳಿಯದಿದ್ದರೂ "ಜರೂರ್" ಅಂದರು.

ಮೂರು ದಿನ ಬಿಟ್ಟು ಮಂಗಳೂರಿನವರು ಮತ್ತೆ ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಕು ಕೊಟ್ಟುಕಳಿಸಿದ್ದ ಸ್ಟೀಲ್ ಡಬ್ಬಿ, ತೊಳೆದು ಒರೆಸಿದ್ದು. ಅದೂ ಇದೂ ಮಾತಾಡಿ ಕಡೆಗೆ ದನಿ ಇಳಿಸಿ ಕೇಳಿದರು: "ಹಿಂಡಿ ಇನ್ನೂ ಸ್ವಲ್ಪ ಉಂಟಾ?"