ಹೆಸರು ಬದಲಿಸಿಕೊಂಡರೂ ಬಾಗಿಲು ತೆರೆಯಲಿಲ್ಲ

ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೋ ಅಂದ ಕೂಡಲೇ ನಮ್ಮಲ್ಲಿ ಚರ್ಚೆ ಎರಡೇ ಕಡೆಗೆ ವಾಲುತ್ತದೆ. ಅಮೆರಿಕ ಪೂರ್ವಕ್ಕೆ ಕಾಲು ಚಾಚಿತು ಅಂತ ಒಬ್ಬರು. ರಷ್ಯಾದ ದುರಾಸೆ ಅಂತ ಇನ್ನೊಬ್ಬರು. ನಡುವೆ ಸಿಕ್ಕಿಕೊಂಡ ಸಣ್ಣ ದೇಶಗಳು ಏನು ಬಯಸಿದವು, ಅದಕ್ಕೆ ಎಷ್ಟು ಬೆಲೆ ತೆತ್ತವು ಅಂತ ಕೇಳುವವರು ಕಡಿಮೆ. ಅಂಥ ಒಂದು ದೇಶ ಗ್ರೀಸಿನ ಪಕ್ಕದ ಉತ್ತರ ಮ್ಯಾಸಿಡೋನಿಯ. ಅದಕ್ಕೆ ಯುರೋಪಿಯನ್ ಒಕ್ಕೂಟ ಮಾಡಿದ್ದು ಅನ್ಯಾಯ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಮದರ್ ತೆರೇಸಾ ಹುಟ್ಟಿದ ಸ್ಕೋಪ್ಯೆ ಅದರ ರಾಜಧಾನಿ. 2021ರ ಗಣತಿಯಲ್ಲಿ ಸಿಕ್ಕಿದ ಜನಸಂಖ್ಯೆ 18 ಲಕ್ಷ ಚಿಲ್ಲರೆ. ಹಿಂದೆ ಅದು ಕಮ್ಯುನಿಸ್ಟ್ ಯುಗೊಸ್ಲಾವಿಯದ ಒಂದು ಭಾಗ. 1991ರ ಸೆಪ್ಟೆಂಬರ್‌ನಲ್ಲಿ ಜನರ ಮತ ಕೇಳಿ ಬೇರೆಯಾಯಿತು. ಕ್ರೊಯೇಷಿಯ, ಬೋಸ್ನಿಯ ಹೊತ್ತಿ ಉರಿಯುತ್ತಿದ್ದಾಗ ಇವರು ಯುದ್ಧವಿಲ್ಲದೆ ಹೊರಬಂದರು. ಅಷ್ಟಕ್ಕೇ ಅವರಿಗೊಂದು ಶಹಬ್ಬಾಸ್ ಸಿಗಬೇಕಿತ್ತು, ಅಲ್ವಾ?

ಸಿಕ್ಕಿದ್ದು ಗ್ರೀಸಿನ ತಕರಾರು. ಆಗ ಈ ದೇಶ ತನ್ನನ್ನು ಕರೆದುಕೊಂಡದ್ದು ಬರೀ ಮ್ಯಾಸಿಡೋನಿಯ ಅಂತ. ಗ್ರೀಸಿನ ಉತ್ತರ ಭಾಗದ ಹೆಸರೂ ಮ್ಯಾಸಿಡೋನಿಯ, ಅದರ ದೊಡ್ಡ ಪಟ್ಟಣ ಥೆಸಲೋನಿಕಿ. ಅಲೆಕ್ಸಾಂಡರ್ ನಮ್ಮವನು, ಹೆಸರೂ ನಮ್ಮದೇ, ನಾಳೆ ನೆಲವನ್ನೂ ಕೇಳುತ್ತೀರಿ ಅಂತ ಗ್ರೀಕರಿಗೆ ಭಯ. ಆ ಭಯ ಸುಳ್ಳಲ್ಲ. ಆ ಪ್ರದೇಶ ಯುದ್ಧಗಳಲ್ಲಿ ಕೈ ಬದಲಾಗುತ್ತಲೇ ಬಂದದ್ದು. ಆದರೆ ಅದಕ್ಕೆ ಗ್ರೀಸ್ ಹಿಡಿದ ದಾರಿ ಕ್ರೂರವಾಗಿತ್ತು. 1993ರಲ್ಲಿ ಈ ದೇಶ ವಿಶ್ವಸಂಸ್ಥೆಗೆ ಸೇರಿದ್ದು 'ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯ' ಎಂಬ ತಾತ್ಕಾಲಿಕ ಹೆಸರಿನಲ್ಲಿ. 1994ರಲ್ಲಿ ಗ್ರೀಸ್ ವ್ಯಾಪಾರವನ್ನೇ ನಿಲ್ಲಿಸಿತು. ಸಮುದ್ರವೇ ಇಲ್ಲದ ದೇಶಕ್ಕೆ ಥೆಸಲೋನಿಕಿ ಬಂದರು ಮುಚ್ಚಿದರೆ ಏನಾಗುತ್ತದೆ ಅಂತ ಯಾರು ಬೇಕಾದರೂ ಊಹಿಸಬಹುದು. 1995ರಲ್ಲಿ ಒಂದು ಮಧ್ಯಂತರ ಒಪ್ಪಂದ ಆಯಿತು. ಇವರು ತಮ್ಮ ಬಾವುಟ ಬದಲಿಸಿದರು. ತಾತ್ಕಾಲಿಕ ಹೆಸರಿನಲ್ಲಿ ಇವರು ಯಾವ ಸಂಘಟನೆ ಸೇರಿದರೂ ಅಡ್ಡ ಬರುವುದಿಲ್ಲ ಅಂತ ಗ್ರೀಸ್ ಮಾತು ಕೊಟ್ಟಿತು.

2008ರಲ್ಲಿ ಬುಕಾರೆಸ್ಟ್ ಸಮ್ಮೇಳನದಲ್ಲಿ ಅಲ್ಬೇನಿಯ, ಕ್ರೊಯೇಷಿಯಕ್ಕೆ ನ್ಯಾಟೋ ಕರೆ ಬಂತು. ಇವರಿಗೆ ಬರಲಿಲ್ಲ. ಗ್ರೀಸ್ ಅಡ್ಡ ಬಂದಿತ್ತು. ಇವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಅಲ್ಲಿ 15ಕ್ಕೆ 1 ಮತದಿಂದ ತೀರ್ಪು ಬಂತು, ಗ್ರೀಸ್ ಒಪ್ಪಂದ ಮುರಿದಿದೆ ಅಂತ. ಗೆದ್ದರೂ ಬಾಗಿಲು ತೆರೆಯಲಿಲ್ಲ. ಈ ಅವಮಾನದ ಮೇಲೆ ಬೆಳೆದದ್ದು ಆಗಿನ ಪ್ರಧಾನಿ ಗ್ರುಯೆವ್ಸ್ಕಿಯ ರಾಜಕೀಯ. ಸ್ಕೋಪ್ಯೆಯ ನಡುಮಧ್ಯೆ ಕುದುರೆ ಏರಿದ ಯೋಧನ ದೈತ್ಯ ಪ್ರತಿಮೆ ಎದ್ದಿತು. ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರನ ಹೆಸರು ಮೊದಲೇ ಬಂದಿತ್ತು. ಪ್ರತಿಮೆಗಳ ನೆರಳಲ್ಲಿ ಭ್ರಷ್ಟಾಚಾರವೂ ಬೆಳೆಯಿತು. ಕೊನೆಗೆ ಆ ಮನುಷ್ಯ ಜೈಲು ತಪ್ಪಿಸಿಕೊಳ್ಳಲು 2018ರಲ್ಲಿ ಹಂಗೇರಿಗೆ ಓಡಿಹೋದರು.

ಇಷ್ಟರ ನಂತರವೂ ಆ ದೇಶದಲ್ಲಿ ಸಂಧಾನಕ್ಕೆ ಕೈ ಚಾಚುವ ಸರ್ಕಾರ ಬಂತು. ನನಗೆ ಬಹಳ ಮೆಚ್ಚುಗೆಯಾಗುವ ಸಂಗತಿ ಇದು. 2017ರಲ್ಲಿ ಪ್ರಧಾನಿಯಾದ ಜೊರಾನ್ ಝಾಯೆವ್ ಮೊದಲು ವಿಮಾನ ನಿಲ್ದಾಣದ ಹೆಸರನ್ನೇ ತೆಗೆದರು. ಗ್ರೀಸಿನ ಪ್ರಧಾನಿ ಸಿಪ್ರಾಸ್ ಜೊತೆ ಮಾತಾಡಿದರು. 2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ ಸಹಿ ಬಿತ್ತು. ದೇಶದ ಹೆಸರು ಇನ್ನು ಉತ್ತರ ಮ್ಯಾಸಿಡೋನಿಯ. ಹೊರಗಿನವರಿಗಷ್ಟೇ ಅಲ್ಲ, ಒಳಗೂ ಅದೇ. ಸಂವಿಧಾನದಲ್ಲಿ, ಪಾಸ್‌ಪೋರ್ಟಿನಲ್ಲಿ, ಎಲ್ಲ ಕಡೆ.

ನಮ್ಮ ರಾಜ್ಯದ ಹೆಸರೂ 1973ರಲ್ಲಿ ಬದಲಾಯಿತು. ಅದು ನಮ್ಮದೇ ಆಸೆ, ನಮ್ಮದೇ ಹಬ್ಬ. ಪಕ್ಕದವರ ಒಪ್ಪಿಗೆ ಬೇಕು ಅಂತ ಹೆಸರು ಬದಲಿಸುವುದು ಎಷ್ಟು ಕಷ್ಟ ಅಂತ ಸ್ವಲ್ಪ ಯೋಚಿಸಿ. ಈ ಒಪ್ಪಂದದ ಬಗ್ಗೆ ಅಲ್ಲಿ ನಡೆದ ಜನಮತಗಣನೆಯಲ್ಲಿ ಕೇಳಿದ ಪ್ರಶ್ನೆಯಲ್ಲೇ ಯುರೋಪಿಯನ್ ಒಕ್ಕೂಟ, ನ್ಯಾಟೋ ಎರಡರ ಹೆಸರೂ ಇತ್ತು. ಇದನ್ನು ಒಪ್ಪಿದರೆ ಅವೆರಡೂ ಸಿಗುತ್ತವೆ ಅಂತಲೇ ಜನ ಅರ್ಥ ಮಾಡಿಕೊಂಡರು. ಬಂದು ಮತ ಹಾಕಿದವರಲ್ಲಿ 90 ಪ್ರತಿಶತಕ್ಕೂ ಜಾಸ್ತಿ ಜನ ಹೌದು ಎಂದರು. ಆದರೆ ಬಂದವರೇ ಸುಮಾರು 37 ಪ್ರತಿಶತ. ಉಳಿದವರ ಮೌನದಲ್ಲಿ ಎಷ್ಟು ನೋವಿತ್ತೋ. 2019ರ ಜನವರಿಯಲ್ಲಿ 120 ಜನರ ಸಂಸತ್ತಿನಲ್ಲಿ 81 ಮತ ಬಿದ್ದು ಸಂವಿಧಾನ ತಿದ್ದುಪಡಿ ಆಯಿತು.

ನ್ಯಾಟೋ ಮಾತು ಉಳಿಸಿಕೊಂಡಿತು. ಸೇರ್ಪಡೆಗೆ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟದ್ದು ಗ್ರೀಸ್ ಸಂಸತ್ತೇ. 2020ರ ಮಾರ್ಚ್ 27ರಂದು ಉತ್ತರ ಮ್ಯಾಸಿಡೋನಿಯ 30ನೇ ಸದಸ್ಯ ಆಯಿತು. ಎರಡು ವರ್ಷದ ನಂತರ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ಈ ಸಣ್ಣ ದೇಶ ತನ್ನ ಟಿ-72 ಟ್ಯಾಂಕ್‌ಗಳನ್ನು ಉಕ್ರೇನಿಗೆ ಕಳಿಸಿತು.

ಯುರೋಪಿಯನ್ ಒಕ್ಕೂಟ ಮಾತ್ರ ಬೇರೆ ದಾರಿ ಹಿಡಿಯಿತು. 2019ರ ಅಕ್ಟೋಬರ್‌ನಲ್ಲಿ ಮಾತುಕತೆ ಶುರುವಾಗಬೇಕಿತ್ತು. ಫ್ರಾನ್ಸಿನ ಮ್ಯಾಕ್ರಾನ್ ಬೇಡ ಅಂದರು, ಮೊದಲು ನಮ್ಮ ಸೇರ್ಪಡೆ ಪದ್ಧತಿಯೇ ಸರಿಯಾಗಲಿ ಅಂತ. ಅದು ಮುಗಿಯಿತು ಅನ್ನುವಷ್ಟರಲ್ಲಿ, 2020ರ ನವೆಂಬರ್‌ನಲ್ಲಿ ಬಲ್ಗೇರಿಯ ಅಡ್ಡ ಬಂತು. ನಿಮ್ಮ ಭಾಷೆ ನಮ್ಮ ಭಾಷೆಯದೇ ಒಂದು ರೂಪ, ನಿಮ್ಮ ವೀರರು ನಮ್ಮವರು, ಪಠ್ಯಪುಸ್ತಕ ತಿದ್ದಿ. ಇದು ಅವರ ವಾದ. 1992ರಲ್ಲಿ ಈ ದೇಶವನ್ನು ಮೊದಲು ಮಾನ್ಯ ಮಾಡಿದ್ದೂ ಇದೇ ಬಲ್ಗೇರಿಯ.

ನನ್ನ ಸಿಟ್ಟು ಇರುವುದು ಇಲ್ಲೇ. ಬಲ್ಗೇರಿಯವೂ ಕಮ್ಯುನಿಸ್ಟ್ ಆಳ್ವಿಕೆಯಿಂದ ಹೊರಬಂದ ದೇಶ. ತಾನೂ ವರ್ಷಗಟ್ಟಲೆ ಕಾದು 2004ರಲ್ಲಿ ನ್ಯಾಟೋ, 2007ರಲ್ಲಿ ಒಕ್ಕೂಟ ಸೇರಿತು. ಕಾಯುವ ಕಷ್ಟ ಗೊತ್ತಿದ್ದವರೇ ಒಳಗೆ ಹೋದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಕ್ರೊಯೇಷಿಯ ಕಾಯುತ್ತಿದ್ದಾಗ ಸ್ಲೊವೇನಿಯವೂ ಸಮುದ್ರದ ಗಡಿಗಾಗಿ ಮಾತುಕತೆ ತಡೆದಿತ್ತು. ಒಂದು ಕಾಲದಲ್ಲಿ ಇಬ್ಬರೂ ಒಂದೇ ದೇಶದವರು!

ಇದು ಬರೀ ಒಂದು ಸರ್ಕಾರದ ಕೆಟ್ಟತನ ಅಲ್ಲ. ನಿಯಮವೇ ಹಾಗಿದೆ. ನ್ಯಾಟೋ ಸೇರಲೂ ಎಲ್ಲರ ಒಪ್ಪಿಗೆ ಬೇಕು, ಆದರೆ ಕರೆ ಕೊಡುವಾಗ ಒಮ್ಮೆ, ಸಂಸತ್ತುಗಳು ಒಪ್ಪುವಾಗ ಇನ್ನೊಮ್ಮೆ. ಯುರೋಪಿಯನ್ ಒಕ್ಕೂಟದ ಮಾತುಕತೆಯಲ್ಲಿ 35 ಅಧ್ಯಾಯಗಳಿವೆ. ಶುರು ಮಾಡಲು, ಮುಗಿಸಲು, ಹೆಜ್ಜೆಹೆಜ್ಜೆಗೂ 27 ದೇಶಗಳೂ ಹೂಂ ಅನ್ನಬೇಕು. ಯಾರಿಗೆ ಮನೆಯಲ್ಲಿ ಚುನಾವಣೆ ಬಂದರೂ ಅಡ್ಡ ಹಾಕಲು ಒಂದು ಅವಕಾಶ ಸಿಕ್ಕೇ ಸಿಗುತ್ತದೆ. ನ್ಯಾಯಾಲಯ ಸ್ವತಂತ್ರವಾಗಿದೆಯಾ, ಲಂಚ ಕಡಿಮೆಯಾಯಿತಾ ಅಂತ ಕಟ್ಟುನಿಟ್ಟಾಗಿ ಕೇಳಲಿ. ಕೇಳಲೇಬೇಕು, ಸ್ಕೋಪ್ಯೆಯಲ್ಲಿ ಅವೆರಡೂ ದೊಡ್ಡ ಸಮಸ್ಯೆಗಳೇ. ಆದರೆ ನೂರು ವರ್ಷದ ಹಿಂದಿನ ವೀರನೊಬ್ಬ ಯಾವ ಜನಾಂಗದವನು ಅನ್ನುವುದು ಸದಸ್ಯತ್ವದ ಪರೀಕ್ಷೆ ಹೇಗೆ ಆಗುತ್ತದೆ?

ಇದರ ಪರಿಣಾಮ ಕಣ್ಣೆದುರೇ ಇದೆ. ರಾಜಿಗೆ ಒಪ್ಪಿದವರು ಸೋತರು. ಸಿಪ್ರಾಸ್ 2019ರಲ್ಲೇ ಸೋತರು. ಝಾಯೆವ್ 2022ರ ಜನವರಿಯಲ್ಲಿ ಅಧಿಕಾರ ಬಿಟ್ಟರು. 2024ರ ಚುನಾವಣೆಯಲ್ಲಿ ಗ್ರುಯೆವ್ಸ್ಕಿಯ ಹಳೇ ಪಕ್ಷ ಭಾರಿ ಗೆಲುವು ಪಡೆದು ವಾಪಸ್ ಬಂತು. ಹೊಸ ಅಧ್ಯಕ್ಷೆ ಪ್ರಮಾಣ ವಚನದ ಸಮಾರಂಭದಲ್ಲೇ ದೇಶವನ್ನು ಬರೀ 'ಮ್ಯಾಸಿಡೋನಿಯ' ಎಂದರು. ಗ್ರೀಕ್ ರಾಯಭಾರಿ ಎದ್ದು ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇವರ ಜೊತೆಯೇ ಸಾಲಿನಲ್ಲಿದ್ದ ಅಲ್ಬೇನಿಯವನ್ನು ಒಕ್ಕೂಟ ಬೇರೆ ಮಾಡಿ ಮುಂದೆ ಕಳಿಸಿತು. 2005ರಿಂದ ಅಭ್ಯರ್ಥಿಯಾಗಿರುವ ದೇಶ ಹಿಂದೆಯೇ ಉಳಿಯಿತು.

ಈಗ ಒಕ್ಕೂಟ ಕೇಳುತ್ತಿರುವುದು ಇನ್ನೊಂದು ಸಂವಿಧಾನ ತಿದ್ದುಪಡಿ. ಬಲ್ಗೇರಿಯನ್ ಸಮುದಾಯದ ಹೆಸರನ್ನು ಅದರಲ್ಲಿ ಸೇರಿಸಬೇಕು. ಗಣತಿಯಲ್ಲಿ ಆ ಸಮುದಾಯದವರು ಸುಮಾರು 3,500 ಜನ. ಸೇರಿಸಿದರೆ ಆಕಾಶ ಬೀಳುವುದಿಲ್ಲ, ಸೇರಿಸಲಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಪ್ರಧಾನಿ ಮಿಕೊಸ್ಕಿ ಕೇಳಿದ್ದು ಬೇರೆ. ತಿದ್ದುಪಡಿ ಈಗಲೇ ಮಾಡುತ್ತೇವೆ, ಆದರೆ ಅದು ಜಾರಿಗೆ ಬರುವುದು ನಾವು ಒಕ್ಕೂಟದ ಸದಸ್ಯರಾದ ಮೇಲೆ ಅಂತ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಒಪ್ಪಲಿಲ್ಲ. ಆ ಪಕ್ಷದ ರಾಜಕೀಯ ನನಗೆ ಒಂಚೂರೂ ಹಿಡಿಸುವುದಿಲ್ಲ. ಆದರೂ ಒಮ್ಮೆ ಹೆಸರನ್ನೇ ಕೊಟ್ಟು ಮೋಸ ಹೋದ ಜನರ ಪರವಾಗಿ ಅವರು ಕೇಳುತ್ತಿರುವ ಈ ಗ್ಯಾರಂಟಿ ನ್ಯಾಯವಾದದ್ದು. ಅದನ್ನು ಬ್ರಸೆಲ್ಸ್ ಕೊಡಬೇಕು.