ಬೇಗ ಸತ್ತವನ ಸಹಿಗೆ ರೇಟು ಜಾಸ್ತಿ

ಯುದ್ಧಕಾಲದ ದೊಡ್ಡ ಮನುಷ್ಯರ ಹಸ್ತಾಕ್ಷರ ಕೂಡಿಡುವವರ ಲೋಕದಲ್ಲಿ ಒಂದು ನಿಯಮವಿದೆ. ಬದುಕಿದ್ದಾಗ ಜಾಸ್ತಿ ಕೆಲಸ ಮಾಡಬಾರದು. ಮಾಡಿದರೆ ಸಿಕ್ಕಸಿಕ್ಕ ಕಾಗದಕ್ಕೆಲ್ಲ ಸಹಿ ಹಾಕಬೇಕಾಗುತ್ತದೆ. ಆಮೇಲೆ ರೇಟು ಬಿದ್ದುಹೋಗುತ್ತದೆ.

ಪಾಪ, ಜಾರ್ಜ್ ವಾಷಿಂಗ್ಟನ್‌ಗೆ ಇದು ಗೊತ್ತಿರಲಿಲ್ಲ. ಎಂಟು ವರ್ಷ ಸೈನ್ಯ ನಡೆಸಿದ, ಎಂಟು ವರ್ಷ ಅಧ್ಯಕ್ಷನಾಗಿದ್ದ, ರಾಶಿ ರಾಶಿ ಪತ್ರ ಬರೆದ. ಬಟನ್ ಗ್ವಿನೆಟ್ ನೋಡಿ, ಜಾಣ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 1776ರಲ್ಲಿ ಸಹಿ ಹಾಕಿದ 56 ಜನರಲ್ಲಿ ಒಬ್ಬ. ಮರುವರ್ಷವೇ ತನ್ನದೇ ಕಡೆಯ ಸೇನಾಧಿಕಾರಿಯ ಜೊತೆ ಜಗಳ ಕಾದ. ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಗುಂಡು ತಿಂದು ಗ್ವಿನೆಟ್ ಸತ್ತ. ಶತ್ರುವಿಗೆ ಆ ಶ್ರಮವೂ ಬೇಕಾಗಲಿಲ್ಲ.

ಅವನ ಸಹಿ ಈಗ ಜಗತ್ತಿನಲ್ಲಿ ಐವತ್ತು ಚಿಲ್ಲರೆ ಮಾತ್ರ ಉಳಿದಿವೆ. 2010ರಲ್ಲಿ ಒಂದು ಸಹಿ 7,22,500 ಡಾಲರ್‌ಗೆ ಹರಾಜಾಯಿತು. ವಾಷಿಂಗ್ಟನ್ನನ ಸಾಧಾರಣ ಸಹಿ ಇದರ ಹತ್ತಿರಕ್ಕೂ ಬರುವುದಿಲ್ಲ. ಗ್ವಿನೆಟ್ ಮೇಲೆ ಯಾರಿಗೂ ಪ್ರೀತಿ ಉಕ್ಕಿ ಹರಿದಿದ್ದಲ್ಲ. 56ರ ಸೆಟ್ಟು ಪೂರ್ತಿಯಾಗಬೇಕು, ಅಷ್ಟೇ. 55 ಕೂಡಿಸಿದವನಿಗೆ ಆ ಒಂದು ಖಾಲಿ ಜಾಗ ನಿದ್ದೆ ಕೊಡುವುದಿಲ್ಲ. ತಮಾಷೆ ಅಂದರೆ, ಗ್ವಿನೆಟ್ ಸದಾ ಸಾಲದಲ್ಲಿ ಮುಳುಗಿದ್ದ. ಉಳಿದ ಸಹಿಗಳಲ್ಲಿ ಕೆಲವು ಸಾಲಪತ್ರದ ಮೇಲೇ ಇವೆ. ಅವತ್ತು ಸಾಲ ಕೊಟ್ಟವನು ದುಡ್ಡು ಬರಲಿಲ್ಲ ಅಂತ ಗೋಳಾಡಿದ್ದಿರಬಹುದು. ಚೀಟಿ ಜೋಪಾನ ಮಾಡಿದ್ದರೆ ಸಾಕಿತ್ತು, ಅಲ್ವಾ?

ನೆಪೋಲಿಯನ್‌ಗೆ ಹೆಸರು ಬರೆಯೋಕೂ ಪುರುಸೊತ್ತಿರಲಿಲ್ಲ. ಮೊದಲು ಪೂರ್ತಿ ಹೆಸರು, ಆಮೇಲೆ ಅರ್ಧ, ಕೊನೆಗೆ ಒಂದೇ ಅಕ್ಷರ. ನಮ್ಮ ಸಂಗ್ರಾಹಕರು ಆ ಗೀಟಿಗೂ ಗಾಜಿನ ಚೌಕಟ್ಟು ಹಾಕಿಸುತ್ತಾರೆ. ಬ್ಯಾಂಕಿನಲ್ಲಿ ನಾನು ಹಾಗೆ ಗೀಚಿದರೆ ಚೆಕ್ ವಾಪಸ್ ಬರುತ್ತದೆ.

ಇನ್ನು ಪರಿಣತರ ಕಥೆ. 1983ರಲ್ಲಿ ಜರ್ಮನಿಯ ಸ್ಟರ್ನ್ ಪತ್ರಿಕೆ ಹಿಟ್ಲರನ ಡೈರಿ ಸಿಕ್ಕಿತೆಂದು ಕುಣಿಯಿತು. ಅದಕ್ಕೆ ಸುಮಾರು 93 ಲಕ್ಷ ಮಾರ್ಕ್ ಸುರಿದಿತ್ತು. ಬರೆದವನು ಕೊನ್ರಾಡ್ ಕುಯಾವ್ ಎಂಬ ಪುಣ್ಯಾತ್ಮ. ಹಾಳೆಗೆ ಹಳೇ ಬಣ್ಣ ಬರಲಿ ಅಂತ ಚಹಾ ಸುರಿದಿದ್ದ. ಮೇಲ್ಹೊದಿಕೆಗೆ ಅಡಾಲ್ಫ್ ಹೆಸರಿನ ಮೊದಲ ಅಕ್ಷರ 'ಎ' ಅಂಟಿಸಲು ಹೋಗಿ 'ಎಫ್' ಅಂಟಿಸಿದ್ದ. ಒಳಗೆ ಹಿಟ್ಲರನ ಹೊಟ್ಟೆ ಉಬ್ಬರದ ವಿವರ ಬೇರೆ! ಆದರೂ ಕೈಬರಹದ ಪರಿಣತರು ಹೊಂದಿಸಿ ನೋಡಿ, ಅಸಲಿಯೇ ಎಂದರು. ಹೊಂದಿಸಿ ನೋಡಲು ಕೊಟ್ಟ ಮಾದರಿಗಳಲ್ಲಿ ಕುಯಾವ್ ಬರೆದವೂ ಇದ್ದವು. ಅಕ್ಷರ ಹೊಂದದೆ ಇರುತ್ತದೆಯೇ?

ಜೈಲಿಂದ ಬಂದ ಮೇಲೆ ಕುಯಾವ್ ಪ್ರಾಮಾಣಿಕನಾದ. ದೊಡ್ಡ ಕಲಾವಿದರ ಚಿತ್ರ ನಕಲು ಮಾಡಿ, ತನ್ನದೇ ಸಹಿ ಹಾಕಿ, ನಕಲಿ ಎಂದು ಹೇಳಿಯೇ ಮಾರಿದ. ಜನ ಮುಗಿಬಿದ್ದರು. ಅವನು ಸತ್ತ ಮೇಲೆ ಬೇರೆ ಯಾರದೋ ಅಗ್ಗದ ಚಿತ್ರಗಳಿಗೆ ಕುಯಾವನ ಕಳ್ಳ ಸಹಿ ಬಿತ್ತು. ಕೇಸು ಕೋರ್ಟಿಗೆ ಹೋಯಿತು. ಆರೋಪ ಇಷ್ಟೇ: ಮಾರಿದ ನಕಲಿ ಅಸಲಿ ನಕಲಿಯಲ್ಲ.