ನಿನಗೆ ಸ್ಪ್ಯಾನಿಷ್ ಬರಲ್ಲ!

ಇವತ್ತು ಬೆಳಿಗ್ಗೆ ಬ್ರೆಡ್ ಅಂಗಡಿಯ ಅಜ್ಜಿಗೆ, ಅವರಿಗೆ ಸ್ಪ್ಯಾನಿಷ್ ಬರಲ್ಲ ಅಂತ ಹೇಳಿ ಬಂದೆ. ಮ್ಯಾಡ್ರಿಡ್‌ನಲ್ಲೇ ಹುಟ್ಟಿ ಬೆಳೆದವರಿಗೆ! ಬೇಕಂತ ಅಲ್ಲ. ಕ್ರಿಯಾಪದದ ಬಾಲ ತಪ್ಪಿತು, ಅಷ್ಟೇ.

ನಾವಿಲ್ಲಿಗೆ ಬಂದು 7 ತಿಂಗಳಾಯಿತು. ವಾರಕ್ಕೆ ಎರಡು ಸಂಜೆ ತರಗತಿಗೆ ಹೋಗುತ್ತೇನೆ. ಮೊದಲು ಕಲಿಸಿದ್ದೇ 'ಅಬ್ಲಾರ್', ಮಾತಾಡುವುದು. ಬರೆಯುವಾಗ ಮುಂದೊಂದು ಎಚ್ ಇರುತ್ತದೆ, ಬಾಯಲ್ಲಿ ಬರಕೂಡದು. ನಮ್ಮೂರಲ್ಲಿ ಹಾಲನ್ನು ಆಲು ಅಂದಿದ್ದಕ್ಕೆ ಮೇಷ್ಟ್ರು ಕಿವಿ ಹಿಂಡಿದ್ದರು. ಇಲ್ಲಿ ಅದಕ್ಕೇ ಶಭಾಷ್!

ಆಮೇಲೆ ಕೊನೆಯ 'ಆರ್' ಕತ್ತರಿಸಿ ಬೇರೆ ಬಾಲ ಅಂಟಿಸಬೇಕು. ನಾನಾದರೆ ಆಬ್ಲೊ, ನೀನಾದರೆ ಆಬ್ಲಸ್, ಅವನೋ ಅವಳೋ ಆದರೆ ಆಬ್ಲ. ಮುಂದೆ ಅಬ್ಲಾಮೊಸ್, ಅಬ್ಲಾಯ್ಸ್, ಆಬ್ಲನ್. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಅನ್ನೋ ರಾಗದಲ್ಲೇ ಸಾರಿಗೆ ಒಗ್ಗರಣೆ ಹಾಕುತ್ತಾ ಬಾಯಿಪಾಠ ಮಾಡಿದ್ದೆ. ಕನ್ನಡದವರಿಗೆ ಇದೇನು ಹೊಸದಲ್ಲ. ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾಳೆ. ನಾನು, ನೀನು ಬಿಟ್ಟರೂ ಬಾಲ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಅವರಲ್ಲೂ ಹಾಗೇ. ಎಡವಟ್ಟು ಆಗಿದ್ದೂ ಅಲ್ಲೇ.

ಅಜ್ಜಿ ಪಟಪಟ ಅಂತ ಏನೋ ಕೇಳಿದರು. ಒಂದಕ್ಷರ ಅರ್ಥವಾಗಲಿಲ್ಲ. ನನಗೆ ಸ್ಪ್ಯಾನಿಷ್ ಬರಲ್ಲ ಅನ್ನೋಣ ಅಂತ ಧೈರ್ಯವಾಗಿ, "ನೋ ಆಬ್ಲಸ್ ಎಸ್ಪಾನ್ಯೋಲ್" ಅಂದೆ.

ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡು, "ಯೋ?" ಅಂದರು.

ನಮ್ಮ ಕಡೆ 'ಯೋ' ಅಂದರೆ ಜಗಳಕ್ಕೆ ಪೀಠಿಕೆ. ಇಲ್ಲಿ 'ನಾನು' ಅಂತ. "ನಾನಾ?" ಅಂತ ಪಾಪ ಅವರು ಕೇಳಿದ್ದು. ನಾನು ಖುಷಿಯಿಂದ ತಲೆಯಾಡಿಸಿ "ಸಿ, ಸಿ" ಅಂದೆ. ಹೌದೌದು! ಅವರ ಮುಖ ನೋಡಿ, ಕಿವಿ ಮಂದ ಇರಬೇಕು ಅಂದುಕೊಂಡು ಇನ್ನೊಂದು ಸಲ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ನಾನೂ ನಕ್ಕೆ. ಎಷ್ಟು ಒಳ್ಳೆ ಜನ ಅನ್ನಿಸಿತು.

ಬಿಸಿ ಬ್ರೆಡ್ ಹಿಡಿದು ಎರಡನೇ ಮಹಡಿ ಹತ್ತುವಾಗ ಹೊಳೆಯಿತು. 'ಓ' ಇರಬೇಕಾದ ಕಡೆ 'ಅಸ್' ಹಾಕಿದ್ದೆ. ಅದೂ ಏಕವಚನ! 'ನೀವು' ಅನ್ನೋಕೆ ಬರೀ 'ಆಬ್ಲ' ಸಾಕಿತ್ತು. ಮರ್ಯಾದೆಯಿಂದಾದರೂ ಅವಮಾನ ಮಾಡಬಹುದಿತ್ತು.

"ಸುಮ್ನೆ ಒಂದು ಓ ಹಾಕಿದ್ರೆ ಆಗ್ತಿತ್ತಪ್ಪ" ಅಂದರು ನಮ್ಮ ಯಜಮಾನರು. ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಬೆರಳು. ಇಷ್ಟರಲ್ಲೇ ಸಂಸಾರ ನಡೆಸುವವರು. ಬೆರಳಿಗೆ ಬಾಲ ಅಂಟಿಸೋ ಕೆಲಸ ಇಲ್ಲವಲ್ಲ!

ಕೋಪಕ್ಕೆ ಪುಸ್ತಕ ತೆಗೆದು ಮತ್ತೆ ಮಗ್ಗಿ ಶುರು ಮಾಡಿದೆ. 'ಅಬ್ಲಾಮೊಸ್'ಗೆ ಬಂದಾಗ ನಿಂತೆ. ನಾವು ಮಾತಾಡುತ್ತೇವೆ ಅಂದರೂ ಅದೇ, ಮಾತಾಡಿದೆವು ಅಂದರೂ ಅದೇ. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನೂ ನಾನೂ, ಅಬ್ಲಾಮೊಸ್. ಕನ್ನಡದಲ್ಲಿ ಹೇಳಹೋದರೆ ಬಾಲವೇ ಹೇಳಿಬಿಡುತ್ತದೆ, ಅಮ್ಮ ಈಗಿಲ್ಲ ಅಂತ. ಈ ಪದ ಅದನ್ನು ಹೇಳುವುದಿಲ್ಲ. ಇದೊಂದನ್ನು ಮಾತ್ರ ಎರಡು ಸಲ ಹೇಳಿಕೊಂಡೆ.

ಮಧ್ಯಾಹ್ನ ಯಜಮಾನರು ಫೋನ್ ಮಾಡಿ, ನಾಳೆಗೂ ಬ್ರೆಡ್ ತಂದಿಡು ಅಂದರು. ಅಕ್ಕಿ, ಉದ್ದು ಆಗಲೇ ನೆನೆಹಾಕಿಯಾಗಿತ್ತು.